ಭಾನುವಾರದ ಪಂಥ

ಲಿಫ್ಟು ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತುಬಿಟ್ಟಿದೆ ಎಂದು ಅವನಿಗೆ ಯಾರೂ ಬಂದು ಹೇಳಬೇಕಾಗಿರಲಿಲ್ಲ. ರೆಸಾರ್ಟಿನ ಲಾಬಿಯಲ್ಲಿ ಹಣ್ಣಿನ ರಸ ಹೀರುತ್ತ ಕುಳಿತಿದ್ದವನು ಸದ್ದಿನಿಂದಲೇ ತಿಳಿದುಕೊಂಡ. ಮೊದಲು ಒಂದು ‘ಟಕ್’, ಆಮೇಲೆ ಸಣ್ಣ ನರಳಾಟ, ಆಮೇಲೆ ಏನೂ ಇಲ್ಲ. ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದ ಕಿವಿ ಅದು. ಬಂದ ದಿನವೇ ಆ ‘ಟಕ್’ ಕೇಳಿಸಿತ್ತು. ಮತ್ತೆ ಕೇಳಿಸದಿರಲಿ ಎಂದು ಅಂದಿನಿಂದ ಮೆಟ್ಟಿಲು ಹತ್ತಿಯೇ ರೂಮಿಗೆ ಹೋಗುತ್ತಿದ್ದ.

ಕಾರಣ, ಒಂದು ಪಂಥ. ಅವನಿಗೆ ಭಾನುವಾರವೂ ತುರ್ತು ಕರೆ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿರುವ ಹೆಂಡತಿಗೆ ಭಾನುವಾರವೂ ಡ್ಯೂಟಿ. ಬಂದ ನೆಂಟರು ಬೀಗ ನೋಡಿಕೊಂಡು ಹಿಂದಿರುಗುತ್ತಿದ್ದರು. ಒಬ್ಬರಾದರೂ ಮನೆಯಲ್ಲಿರಬೇಕೆಂದು ಇಬ್ಬರೂ ಒಪ್ಪಿದ್ದರು. ಆ ಒಬ್ಬರು ತಾನಲ್ಲ ಎಂದು ಇಬ್ಬರೂ ಪಟ್ಟು ಹಿಡಿದಿದ್ದರು. ಊಟ, ತಿಂಡಿ, ಈಜುಕೊಳ, ಎಣ್ಣೆ ಮಾಲೀಸು ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ ಸೇರಿದ್ದ ಈ ರೆಸಾರ್ಟಿಗೆ ಬರುವಾಗ ಬಸ್ಸಿನಲ್ಲಿ ತೀರ್ಮಾನವಾಯಿತು: ನಾಲ್ಕು ದಿನದಲ್ಲಿ ಯಾರು ತಮ್ಮ ಕಸುಬಿಗೆ ಕೈ ಹಾಕುತ್ತಾರೋ ಅವರು ಸೋತಂತೆ. ಸೋತವರು ಭಾನುವಾರದ ಕೆಲಸ ಬಿಡಬೇಕು.

“ನೀವು ಏನೂ ಮಾಡಬೇಕಾಗಿಲ್ಲ, ಎಲ್ಲಾ ನಾವೇ ನೋಡ್ಕೋತೀವಿ” ಎಂದು ಕೌಂಟರಿನ ಹುಡುಗಿ ಇಬ್ಬರ ಮಣಿಕಟ್ಟಿಗೂ ಬಿಳಿ ಪಟ್ಟಿ ಕಟ್ಟಿದ್ದಳು. ಏನೂ ಮಾಡದಿರುವುದೇ ಕಷ್ಟವಾಯಿತು. ಹಂಸದ ಆಕಾರದಲ್ಲಿ ಮಡಿಸಿಟ್ಟ ಟವೆಲ್ಲನ್ನು ಬಿಚ್ಚಿ ವಾರ್ಡಿನ ಅಳತೆಗೆ ಮಡಿಸಲು ಹೋದ ಹೆಂಡತಿ, ಗಂಡ ನೋಡುತ್ತಿದ್ದಾನೆಂದು ಕೈ ಹಿಂದೆಗೆದಿದ್ದಳು. ಪಕ್ಕದ ಟೇಬಲ್ಲಿಗೆ ಬರುತ್ತಿದ್ದ ವಯಸ್ಸಾದವರೊಬ್ಬರ ಊದಿದ ಪಾದ ಕಣ್ಣಿಗೆ ಬೀಳಬಾರದೆಂದು ಕುರ್ಚಿಯನ್ನೇ ತಿರುಗಿಸಿಕೊಂಡಿದ್ದಳು. ಒಳಗೂ ಹೊರಗೂ ಹುಲ್ಲಿನ ಟೋಪಿ ತೆಗೆಯದ ಅವರಿಗೆ ಇವರಿಬ್ಬರೂ ಟೋಪಿ ರಾಯರು ಎಂದು ಹೆಸರಿಟ್ಟಿದ್ದರು. ಹೀಗೆ ಮೂರು ದಿನ ಕಳೆದಿತ್ತು.

ಅವನು ಮೆಟ್ಟಿಲೇರಿ ಹೋಗಿ ಲಿಫ್ಟಿನ ಬಾಗಿಲಿನ ಸಂದಿಗೆ ಬಾಯಿಟ್ಟ.

“ಒಳಗೆ ಯಾರಿದ್ದೀರಿ?”

“ನಾನೇ ರೀ.”

ಅವನು ಸಂದಿಗೆ ಕಣ್ಣಿಟ್ಟ. “ಒಬ್ಬಳೇನಾ?”

“ಟೋಪಿ ರಾಯರಿದ್ದಾರೆ. ನೀವ್ಯಾಕೆ ಬಂದ್ರಿ? ಹೋಗಿ ಜ್ಯೂಸ್ ಕುಡೀರಿ. ಒಂದು ಸ್ಕ್ರೂ ಮುಟ್ಟಿದ್ರೂ ಸೋತ ಹಾಗೆ, ನೆನಪಿರಲಿ.”

ಅಷ್ಟರಲ್ಲಿ ಮ್ಯಾನೇಜರ್ ಟೈ ಸರಿಮಾಡಿಕೊಳ್ಳುತ್ತ ಓಡಿಬಂದ. “ಪೇಟೆಯಿಂದ ಮೆಕ್ಯಾನಿಕ್ ಹೊರಟಿದ್ದಾರೆ ಸರ್. ಮುಕ್ಕಾಲು ಗಂಟೆ ಅಷ್ಟೇ. ಅಲ್ಲೀವರೆಗೂ ತಮಗೆ ಒಂದು ಟೀ...”

“ಒಳಗಿರೋಳು ನನ್ನ ಹೆಂಡ್ತಿ ಕಣ್ರೀ.”

“ಮೇಡಮ್‌ಗೂ ಹೇಳೋಣ ಸರ್. ಹೊರಗೆ ಬಂದ್ಮೇಲೆ.”

ಬಾಗಿಲಿನೊಳಗಿಂದ ಅವಳ ದನಿ ಕೇಳಿತು: “ಮೂಗಿಂದ ತಗೊಳ್ಳಿ, ಬಾಯಿಂದ ಬಿಡಿ... ನಿಧಾನ, ಇನ್ನೂ ನಿಧಾನ.”

“ಏನೇ ಅದು?”

“ಏನಿಲ್ಲ. ರಾಯರ ಜೊತೆ ಹವಾಮಾನದ ಬಗ್ಗೆ ಮಾತಾಡ್ತಿದ್ದೆ.”

“ಲಿಫ್ಟಲ್ಲಿ ಎಂಥ ಹವಾಮಾನ?”

“ಸೆಕೆ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ರೀ, ಮುಕ್ಕಾಲು ಗಂಟೆ ಅಂದ್ರಾ?”

ಆ ದನಿ ಅವನಿಗೆ ಗೊತ್ತಿತ್ತು. ವಾರ್ಡಿನಲ್ಲಿ ಯಾರಿಗಾದರೂ ವಿಷಮಿಸಿತೆಂದು ಮನೆಯಿಂದ ಡಾಕ್ಟರಿಗೆ ಫೋನ್ ಮಾಡುವಾಗ ಅವಳ ದನಿ ಹೀಗೇ ತಗ್ಗುತ್ತಿತ್ತು. ಅವನು ಮ್ಯಾನೇಜರನ ಮುಂದೆ ಕೈ ಚಾಚಿದ. “ಮೆಷಿನ್ ರೂಮಿನ ಕೀ ಕೊಡಿ. ನೀವೂ ಬನ್ನಿ.”

ಮೇಲೆ ಹೋಗಿ ಮೇನ್ ಸ್ವಿಚ್ ಆರಿಸಿದ. ಬ್ರೇಕಿನ ಹಿಡಿಯನ್ನು ಮ್ಯಾನೇಜರನ ಕೈಗೆ ಕೊಟ್ಟು, ಉಕ್ಕಿನ ಹಗ್ಗಕ್ಕೆ ಬಳಿದಿದ್ದ ಎರಡನೇ ಮಹಡಿಯ ಗುರುತು ಸರಿಹೊಂದುವವರೆಗೆ ಲಿಫ್ಟನ್ನು ಕೈಯಿಂದ ಇಳಿಸುವ ಚಕ್ರವನ್ನು ತಾನೇ ಇಷ್ಟಿಷ್ಟೇ ತಿರುಗಿಸಿದ. ಹನ್ನೊಂದು ನಿಮಿಷ ಹಿಡಿಯಿತು. ಆಮೇಲೆ ಕೆಳಗಿಳಿದು ಕೀ ಹಾಕಿ ಬಾಗಿಲು ಸರಿಸಿದ.

ಟೋಪಿ ರಾಯರು ಗೋಡೆಗೊರಗಿ ನೆಲದ ಮೇಲೆ ಕುಳಿತಿದ್ದರು. ಅಂಗಿಯ ಗುಂಡಿ ಬಿಚ್ಚಿತ್ತು. ಹೆಂಡತಿ ಒಂದು ಕೈಯಲ್ಲಿ ಅವರದೇ ಟೋಪಿಯಿಂದ ಗಾಳಿ ಬೀಸುತ್ತಿದ್ದಳು. ಇನ್ನೊಂದು ಕೈಯ ಮೂರು ಬೆರಳು ಅವರ ಮಣಿಕಟ್ಟಿನ ನಾಡಿಯ ಮೇಲಿದ್ದವು.

“ಆಹಾ!” ಎಂದ ಗಂಡ.

“ಏನು ಆಹಾ? ಸುಮ್ನೆ ಕೈ ಹಿಡ್ಕೊಂಡಿದ್ದೆ.”

“ಪರಪುರುಷನ ಕೈ?”

“ಹೂಂ. ಹಿಡ್ಕೋಬೇಕು ಅನ್ನಿಸ್ತು, ಹಿಡ್ಕೊಂಡೆ. ಏನೀಗ?”

ರಾಯರು ಗಾಬರಿಯಿಂದ ಕೈ ಎಳೆದುಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ.

“ಎಷ್ಟಿದೆ?” ಗಂಡ ತಣ್ಣಗೆ ಕೇಳಿದ.

“ತೊಂಬತ್ತೆಂಟು, ಇಳೀತಿದೆ,” ಎಂದವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅವಳ ಕಣ್ಣು ಅವನ ಬಿಳಿ ಪಟ್ಟಿಯ ಮೇಲೆ ಬಿತ್ತು. ಅದು ಗ್ರೀಸಿನಿಂದ ಕಪ್ಪಾಗಿತ್ತು. “ಇದೇನು, ಚಾಕಲೇಟ್ ಐಸ್‌ಕ್ರೀಮಾ?”

ರಾಯರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಡಾಕ್ಟರ ಬಳಿಗೆ ಕಳಿಸಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಯಾರು ಮೊದಲು ಸೋತರೆಂದು ಅರ್ಧ ಗಂಟೆ ವಾದಿಸಿದರೂ ತೀರ್ಮಾನವಾಗಲಿಲ್ಲ.

“ಅಂದ್ರೆ, ಭಾನುವಾರ ಇಬ್ರೂ ಮನೇಲೇ?” ಎಂದಳು ಅವಳು.

“ಹಾಗೇ ಆಯ್ತು.”

“ಇಡೀ ದಿನ ಏನ್ರೀ ಮಾಡೋದು?”

“ಗೊತ್ತಿಲ್ಲ. ಅಭ್ಯಾಸ ಇಲ್ವಲ್ಲ.” ಅವನು ಕೈ ಮುಂದೆ ಚಾಚಿದ. “ಹೇಗೂ ಸೋತಾಯ್ತು. ನಂದೂ ಒಂದು ಸಲ ನೋಡು.”

ಅವಳು ಗ್ರೀಸಿನ ಪಟ್ಟಿಯನ್ನು ಮೇಲೆ ಸರಿಸಿ ಮೂರು ಬೆರಳಿಟ್ಟಳು. ವಾಚು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು.

“ನೂರ ಆರು.”

“ಮೆಟ್ಟಿಲು ಹತ್ತಿ ಓಡಿದ್ನಲ್ಲ, ಅದಕ್ಕೆ.”

“ಓಡಿ ಎಷ್ಟು ಹೊತ್ತಾಯ್ತು ರೀ!” ಎಂದಳು. ಎಣಿಕೆ ಮುಗಿದಿತ್ತು, ಬೆರಳು ತೆಗೆಯಲಿಲ್ಲ.