ಘಾಟಿಯ ಹೊಸ ತಿರುವುಗಳು

ಈ ಘಾಟಿಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಮುಂದೆ ಒಂದು ತಿರುವು ಹುಟ್ಟುತ್ತದೆ. ಅದಕ್ಕೇ ಬುಡದ ಚಹಾದಂಗಡಿ ದಾಟಿದ ಮೇಲೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಅಡಿಗೆಮನೆ, ಮಂಚ ಎಲ್ಲ ಇರುವ ನಮ್ಮ ಉದ್ದನೆಯ ಮನೆಬಸ್ಸಿಗಂತೂ ಒಂದೊಂದು ತಿರುವಿಗೂ ಎರಡೆರಡು ಸಲ ರಿವರ್ಸ್ ತೆಗೆಯಬೇಕು.

"ಆಸ್ಪತ್ರೆಯಿಂದ ಫೋನ್ ಬಂತೇನ್ರೀ? ಅಕ್ಕ ಹೇಗಿದಾಳಂತೆ?" ಹೆಂಡತಿ ಮೋಹಿನಿ ಕೇಳಿದಳು.

ಫೋನ್ ಬೆಳಿಗ್ಗೆಯೇ ಬಂದಿತ್ತು. ಅವಳ ಅಕ್ಕ ತೀರಿಕೊಂಡಿದ್ದಳು. ಅದಾದ ಮೇಲೆ ನನ್ನ ಕಣ್ಣೆದುರೇ ಮೋಹಿನಿ ಅಕ್ಕನಿಗೆಂದು ಗಂಜಿ ಮಾಡಿ ಡಬ್ಬಿಗೆ ತುಂಬಿದ್ದಳು.

"ಹಾಗೇ ಇದಾಳಂತೆ," ಎಂದೆ.

ನೇರವಾಗಿದ್ದ ರಸ್ತೆ ಬಂಡೆಯ ಹಿಂದಕ್ಕೆ ಮಡಚಿಕೊಂಡಿತು. ಹೊಸ ಡಾಂಬರಿನ ವಾಸನೆ ಬಂತು. ಹಾರ್ನ್ ಹೊಡೆದು ಗೇರ್ ಇಳಿಸಿದೆ. ಹಿಂದೆ ಪಾತ್ರೆಗಳು ಉರುಳಿದವು.

"ಇದು ಯಾರ ಸುಳ್ಳು?"

"ಮುಂದಿನ ಲಾರಿಯವನು ಏನೋ ಬೊಗಳಿರ್ಬೇಕು."

ಮತ್ತೊಂದು ತಿರುವು ಬಂತು. ಮೋಹಿನಿ ಡಬ್ಬಿಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನನ್ನಿಂದ ತಡೆಯಲಾಗಲಿಲ್ಲ. ಬಸ್ಸು ನಿಲ್ಲಿಸಿ, ಸ್ಟೇರಿಂಗ್ ನೋಡುತ್ತಲೇ ನಿಜ ಹೇಳಿಬಿಟ್ಟೆ. ರಸ್ತೆ ನೇರವಾಗಿಯೇ ಉಳಿಯಿತು.

ಅವಳು ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ಭದ್ರ ಮಾಡಿ, "ನಂಗೇನೂ ಆಗಿಲ್ಲ. ನೀವು ಓಡ್ಸಿ," ಎಂದಳು.

ನೋಡನೋಡುತ್ತಿದ್ದಂತೆ ರಸ್ತೆ ಮತ್ತೆ ಮಡಚಿಕೊಂಡಿತು. ನಾನು ಅವಳ ಕಡೆ ತಿರುಗದೆ ಹಾರ್ನ್ ಹೊಡೆದೆ.