ಹತ್ತು ನಿಮಿಷ ಓಟ, ಇಪ್ಪತ್ತು ನಿಮಿಷ ನೆರಳು

ಬಿಸಿಯಾದ ಮೋಟಾರಿನ ವಾಸನೆ ಬಂದರೆ ನನಗೆ ಇಂದಿಗೂ ಸಿಟ್ಟು ನೆತ್ತಿಗೇರುತ್ತದೆ.

ಅಮೆರಿಕದ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಅದೊಂದು ಜುಲೈ ಮಧ್ಯಾಹ್ನ. ರಿಮೋಟಿನಿಂದ ಓಡುವ ನನ್ನ ಆಟಿಕೆ ಟ್ರಕ್ಕಿಗೆ ಅಪ್ಪ ನಿಯಮ ಮಾಡಿದ್ದರು: ಸೆಕೆಯಲ್ಲಿ ಹತ್ತು ನಿಮಿಷ ಓಡಿಸಿದರೆ ಇಪ್ಪತ್ತು ನಿಮಿಷ ನೆರಳಿನಲ್ಲಿಟ್ಟು ಮೋಟಾರ್ ತಣಿಸಬೇಕು. ನಾನು ಗಡಿಯಾರ ನೋಡಿಕೊಂಡೇ ಪಾಲಿಸುತ್ತಿದ್ದೆ. ಅಂದು ಊಟಕ್ಕೆ ಬಂದಿದ್ದ ಅಂಕಲ್ ಒಬ್ಬರು ರಿಮೋಟ್ ಕಿತ್ತುಕೊಂಡು, ಎತ್ತರದ ಹುಲ್ಲಿನಲ್ಲಿ ಅರ್ಧ ಗಂಟೆ ಓಡಿಸಿದರು.

"ಅಂಕಲ್, ನಿಲ್ಲಿಸಿ! ಮೋಟಾರ್ ಸುಟ್ಟುಹೋಗುತ್ತೆ!" ಎಂದು ಕೂಗಿದೆ.

"ಏನಮ್ಮಾ ಹೆಡ್‌ಮಿಸ್ಟ್ರೆಸ್ಸು!" ಎಂದು ನಕ್ಕರು.

ಹೊಗೆ ಬಂತು, ಟ್ರಕ್ ನಿಂತಿತು. ಹೊರಗೆ ಬಂದ ಅಪ್ಪ ಹೊಗೆಯನ್ನೂ ನೋಡಿದರು, ಅಂಕಲ್ ಕೈಯಲ್ಲಿದ್ದ ರಿಮೋಟನ್ನೂ ನೋಡಿದರು.

"ಮನೆಗೆ ಬಂದವರ ಮೇಲೆ ಕೂಗಾಡ್ತೀಯಾ? ಸಾರಿ ಕೇಳು," ಎಂದರು ನನಗೆ.

ಕೇಳಿದೆ. ಅಂಕಲ್ ನನ್ನ ತಲೆ ಸವರಿ, "ಪರವಾಗಿಲ್ಲ ಬಿಡು ಪುಟ್ಟಿ," ಎಂದು ಕ್ಷಮಿಸಿದರು.