ಅಳಿಯ ಮುನಿದ ಶುಕ್ರವಾರ

2024ರ ನವೆಂಬರ್ 22, ಶುಕ್ರವಾರ, ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಆಳಂದದ ಮಾವನ ಮನೆಯ ಪಡಸಾಲೆಯಲ್ಲಿ ಹೊಸ ಅಳಿಯ ಬಿಲಾಲ ಎರಡೂ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಅಡುಗೆಮನೆಯಲ್ಲಿ ಎಲ್ಲರ ಎದೆ ಧಸಕ್ಕೆಂದಿತು.

ಅದು ಮೂರನೆಯ ಜುಮಾಗಿ. ಮದುವೆಯಾದ ಮೇಲೆ ಐದು ಶುಕ್ರವಾರ ಮಗಳು-ಅಳಿಯನನ್ನು ಕರೆದು ಉಣಬಡಿಸುವ ಈ ಪದ್ಧತಿಯಲ್ಲಿ ಅಳಿಯನಿಗೆ ಮುನಿಸಿಕೊಳ್ಳುವ ಹಕ್ಕೂ ಸೇರಿದೆ. ಕಾರಣವನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ; ಮಾವನ ಮನೆಯವರೇ ಊಹಿಸಿ ಸಮಾಧಾನ ಮಾಡಬೇಕು. ಬಿಲಾಲನ ಹೆಂಡತಿ ಜೀನತಳ ಖಾಲಾ, ಅಂದರೆ ಚಿಕ್ಕಮ್ಮ, ವಜೀರುನ್ನಿಸಾಳ ಅಳಿಯ ಹೀಗೇ ಒಮ್ಮೆ ಗೋಡೆಗೆ ಮುಖ ಮಾಡಿ ಮಲಗಿದವನು ಕೈಗಡಿಯಾರ ಬಂದ ಮೇಲೆಯೇ ಎದ್ದಿದ್ದ. ಆದ್ದರಿಂದ ಈ ವಿಷಯದಲ್ಲಿ ಖಾಲಾ ಹೇಳಿದ್ದೇ ಕೊನೆ.

ಜೀನತಳ ತಾಯಿ ನಜಮುನ್ನಿಸಾ ಮೊದಲು ತನ್ನ ದಾಲ್ಚಾ ಸಾರನ್ನು ಅನುಮಾನಿಸಿದಳು. ಆಮೇಲೆ ಬಿರ್ಯಾನಿಯ ಮಾಂಸವನ್ನು. ಎರಡನ್ನೂ ಮತ್ತೆ ರುಚಿ ನೋಡಿದರು, ಎರಡೂ ನಿರ್ದೋಷಿಗಳು. ತಂದೆ ಹುಸೇನಸಾಬ ಫ್ಯಾನಿನ ವೇಗ ಹೆಚ್ಚಿಸುವ ನೆಪದಲ್ಲಿ ಪಡಸಾಲೆಗೆ ಹೋಗಿ, ಅಳಿಯನ ಕಿವಿಯ ಹತ್ತಿರ ಬಾಗಿ, ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿರುಗಿದ.

"ಅಂವ ಹಾಡು ಕೇಳಾಕತ್ತಿಲ್ಲ. ಒಳಗ ಬರೇ ಗೂಂ ಅಂತದ. ಸುಮ್ಮನ ಕಿವಿ ಮುಚ್ಚಿಕೊಂಡು ಕುಂತಾನ."

"ಅಂದ್ರ ನಿಮ್ಮ ಮಾತು ಬ್ಯಾಡ ಅಂತ," ಖಾಲಾ ಅಕ್ಕನ ಕಡೆ ತಿರುಗಿ ತೀರ್ಪು ಕೊಟ್ಟಳು. "ಇದು ಊಟದ ಸಿಟ್ಟಲ್ಲ ಆಪಾ. ಹುಡುಗಿ ಮ್ಯಾಲಿನ ಸಿಟ್ಟು."

ಜೀನತ ತಟ್ಟೆ ಒರೆಸುತ್ತಿದ್ದ ಕೈ ನಿಲ್ಲಿಸಿದಳು. ಬಿ.ಎಸ್ಸಿ. ಓದಿ, ಮದುವೆಗೆ ಮೊದಲು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದ ಅವಳು ಒಂದೇ ಸ್ಯಾಂಪಲ್ ನೋಡಿ ರಿಪೋರ್ಟ್ ಬರೆಯುವವಳಲ್ಲ. ತೊಂದರೆಯೆಂದರೆ ಇಲ್ಲಿದ್ದದ್ದು ಒಂದೇ ಸ್ಯಾಂಪಲ್ ಅಲ್ಲ. ಹಿಂದಿನ ಎರಡು ಜುಮಾಗಿ ಮುಗಿಸಿ ಜೇವರ್ಗಿಯ ಗಂಡನ ಮನೆಗೆ ಮರಳಿದ ರಾತ್ರಿಯೂ ಬಿಲಾಲ ಹೀಗೆ ಕೂತದ್ದುಂಟು, ಅದೂ ಶುಕ್ರವಾರವೇ. ಉಳಿದ ದಿನ ಐಟಿಐಯಲ್ಲಿ ಪಾಠ ಮುಗಿಸಿ ಬಂದು ಹರಟೆ ಹೊಡೆಯುವ ಮನುಷ್ಯ, ಶುಕ್ರವಾರ ಬಂತೆಂದರೆ ಕಣ್ಣು ಮುಚ್ಚಿ ಮೂಗನಾಗುತ್ತಿದ್ದ. ಅವರ ನಿಕಾಹ್ ಆದದ್ದೂ ಶುಕ್ರವಾರ. ಆ ದಿನ ನೆನಪಾದರೆ ಅವನಿಗೆ ಬೇಸರವೇನೋ ಎಂದುಕೊಂಡಳು.

"ಹೋಗ್ ಬೇ," ಎಂದಳು ಖಾಲಾ, "ನೀನ ಕೇಳ ಹೋಗ್. ಸಂಜೀತನಕ ಬಿಟ್ರ ಸಿಟ್ಟು ಹೆಪ್ಪುಗಟ್ತದ."

ಜೀನತ ಪರದೆ ಸರಿಸಿ ಪಡಸಾಲೆಗೆ ಬಂದು ಚಾಪೆಯ ಅಂಚಿನಲ್ಲಿ ಕೂತಳು. ಎರಡು ಸಲ ಕೆಮ್ಮಿದ ಮೇಲೆ ಬಿಲಾಲ ಕಣ್ಣು ತೆರೆದು ಒಂದು ಇಯರ್‌ಫೋನು ತೆಗೆದ.

"ನಾ ನಿಮಗ ಮನಸ್ಸಿಗೆ ಬಂದಿಲ್ಲೇನ್ರಿ? ಇದ್ರ ಇದ್ದಂಗ ಹೇಳ್ರಿ."

ಬಿಲಾಲ ಗಾಬರಿಯಾಗಿ ನೆಟ್ಟಗೆ ಕೂತ. ಅವಳು ಶುಕ್ರವಾರಗಳ ವಿಷಯ ಎತ್ತಿದ ಮೇಲೆ ಅವನ ಮುಖ ಕದ್ದು ಸಿಕ್ಕಿಬಿದ್ದವನ ಹಾಗಾಯಿತು. ಹೊಸ ಆಲ್ಬಮ್ಮುಗಳು ಬರುವುದೇ ಶುಕ್ರವಾರ ಎಂದ. ವಾರವೆಲ್ಲ ಅದಕ್ಕೇ ಕಾಯುತ್ತಾನಂತೆ. ಅದರಲ್ಲಿ ಹಾಡುವವರಿಲ್ಲ, ತಬಲಾ ಇಲ್ಲ. ಈವತ್ತಿನದರಲ್ಲಂತೂ ಯಾರೋ ಒಬ್ಬರು ಯಂತ್ರದಿಂದ ಒಂದೇ ನಾದ ಹೊರಡಿಸಿ, ಅದನ್ನು ನಲವತ್ತಾರು ನಿಮಿಷ ಎಳೆದಿದ್ದಾರೆ. ಐಟಿಐಯ ಗೆಳೆಯರಿಗೆ ಒಮ್ಮೆ ಇಂಥದ್ದನ್ನು ಕೇಳಿಸಿದಾಗ, ನಿಮ್ಮ ಮನೆಯ ಫ್ರಿಜ್ಜು ಕೆಟ್ಟಿದೆಯೇ ಎಂದು ವಿಚಾರಿಸಿದರಂತೆ. ಅಂದಿನಿಂದ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ನೀನೂ ನಗ್ತಿ ಅಂತ ಹೇಳ್ಲಿಲ್ಲ," ಎಂದ.

"ಕೊಡ್ರಿ ಇಲ್ಲಿ."

ಅವಳು ಒಂದು ಇಯರ್‌ಫೋನು ಹಾಕಿಕೊಂಡಳು. ಅವಳ ಅಬ್ಬಾ ಹುಸೇನಸಾಬ ಸುಳ್ಳು ಹೇಳಿರಲಿಲ್ಲ. ಗೂಂ ಅನ್ನುವುದು ಬಿಟ್ಟು ಏನೂ ಇರಲಿಲ್ಲ. ನಗು ತುಟಿಯವರೆಗೆ ಬಂತು. ತಡೆದುಕೊಂಡು ಕಾದಳು. ಸ್ವಲ್ಪ ಹೊತ್ತಿಗೆ ಆ ಗೂಂಕಾರದ ಕೆಳಗೆ ಇನ್ನೊಂದು ಇರುವುದು ತಿಳಿಯಿತು. ಎರಡರ ಶ್ರುತಿಗೂ ಕೂದಲೆಳೆಯಷ್ಟು ಅಂತರ. ಆ ಅಂತರದಿಂದಲೇ ಸದ್ದು ಉಸಿರಾಡುವವರ ಹಾಗೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಕಾಲೇಜಿನಲ್ಲಿ ಎರಡು ಟ್ಯೂನಿಂಗ್ ಫೋರ್ಕು ಬಡಿದು ನೋಡಿದ್ದ ಸಂಗತಿಯೇ ಇದು. ಆದರೆ ಆಗ ಮೈಗೆ ಹೀಗೆ ತಾಕಿರಲಿಲ್ಲ. ಬಸ್ ಡ್ರೈವರ್ ಆಗಿದ್ದ ಅಬ್ಬಾ ಚಿಕ್ಕಂದಿನಲ್ಲಿ ಅವಳನ್ನು ನರೋಣಾಕ್ಕೆ ಹೋಗುವ ಬೆಳಗಿನ ಗಾಡಿಯಲ್ಲಿ ಬಾನೆಟ್ಟಿನ ಪಕ್ಕ ಕೂರಿಸುತ್ತಿದ್ದ. ಅಡಿಯಲ್ಲಿ ಬೆಚ್ಚಗೆ, ಕಿಟಕಿಯ ಸರಳಿನಿಂದ ಹಲ್ಲಿನವರೆಗೆ ಸಣ್ಣ ನಡುಕ.

"ಗಾಡಿ ನ್ಯೂಟ್ರಲ್‌ನಾಗ ನಿಂತಂಗ ಅದರಿ," ಎಂದಳು. "ಅಬ್ಬಾ ಚಾ ಕುಡಿಲಾಕ ಇಳಿದಾನ. ಟೈಮ್ ಇನ್ನೂ ಆಗಿಲ್ಲ. ಹೋಗೂ ಅವಸರ ಯಾರಿಗೂ ಇಲ್ಲ."

ಬಿಲಾಲ ಅವಳನ್ನೇ ನೋಡಿದ.

"ಮುಂದ ಇನ್ನೂ ಅದ," ಎಂದ. "ಕಣ್ಣು ಮುಚ್ಚು."

ಜೀನತ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಅಡುಗೆಮನೆಯಲ್ಲಿ ಮೂವರು ಉಸಿರು ಬಿಗಿಹಿಡಿದು ಕಾಯುತ್ತಿರುವುದು ಅವಳಿಗೆ ಮರೆತೇಹೋಯಿತು.

ಎಷ್ಟು ಹೊತ್ತಾದರೂ ಮಾತಿನ ಸದ್ದಿಲ್ಲವೆಂದು ನಜಮುನ್ನಿಸಾ ಖುಬಾನಿಯ ಸಿಹಿ ತುಂಬಿದ ಬಟ್ಟಲು ಹಿಡಿದು ಪರದೆಯ ಸಂದಿಯಿಂದ ಇಣುಕಿದಳು. ಬಟ್ಟಲು ಹಿಡಿದೇ ವಾಪಸು ಬಂದು ಗಂಡನ ಮುಂದೆ ನಿಂತಳು.

"ಈಗ ನಮ್ಮಾಕಿನೂ ಮುನಿಸ್ಕೊಂಡು ಕುಂತಾಳ್ರಿ," ಎಂದಳು.

ಆಲ್ಬಮ್ ಮುಗಿಯಲು ಇನ್ನೂ ಹದಿನೇಳು ನಿಮಿಷ ನಲವತ್ತು ಸೆಕೆಂಡು ಇತ್ತು.